ಚಿಕ್ಕ ಮಕ್ಕಳಿಗೆ ಸಿಮ್ಯುಲೇಶನ್, ಗ್ರಾಫಿಕ್ಸ್ ಕಲಿಸೋದು: ಕಂಪ್ಯೂಟರ್ ಆನ್ ಮಾಡೋಕೆ ಮುಂಚಿಂದ ಶುರು ಮಾಡಿ

ಕ್ಲಾಸಲ್ಲಿ ಸಿಮ್ಯುಲೇಶನ್ (ನಿಜವಾಗಿ ನಡೆಯೋದನ್ನ ನಿಯಮ ಹಾಕಿ ನಕಲು ಮಾಡಿ ನೋಡೋದು) ತೋರಿಸಿದೆ, ಮಕ್ಕಳು ಸ್ಲೈಡರ್ ಹಿಡ್ಕೊಂಡು ಆ ಕಡೆ ಈ ಕಡೆ ಎಳೆದ್ರು, ಸಖತ್ ಖುಷಿಪಟ್ರು, ಬೆಲ್ ಆಯ್ತು, ಎದ್ದು ಹೋದ್ರು, ಮಾರನೇ ದಿನ ಕೇಳಿದ್ರೆ ಒಬ್ರಿಗೂ ಏನೂ ನೆನಪಿಲ್ಲ. ಈ ದೂರನ್ನ ಎಷ್ಟು ಜನ ಟೀಚರ್‌ಗಳ ಬಾಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ, ಮೊದಲೆರಡು ವರ್ಷ ನಾನೂ ಹೀಗೇ ಮಾಡಿ ಕೈ ಸುಟ್ಕೊಂಡೋಳೇ. ನೋಡಿದ್ರೆ ಎಲ್ರೂ ಎಡವೋದು ಒಂದೇ ಜಾಗದಲ್ಲಿ, ಹಂತಗಳನ್ನ ಹಿಂದುಮುಂದು ಮಾಡಿರ್ತಾರೆ. ಮೊದಲನೇ ದಿನಾನೇ ಕಂಪ್ಯೂಟರ್ ಮುಂದೆ ಕೂರಿಸ್ತಾರೆ, ಮಗು ಇನ್ನೂ "ಏನಾಗಬಹುದು" ಅಂತ ಯೋಚಿಸೋಕೆ ಮುಂಚೆನೇ ಸ್ಕ್ರೀನ್ ಉತ್ತರ ಕೊಟ್ಟುಬಿಡತ್ತೆ.

ಹಾಗಾಗಿ ಇಡೀ ಮಾರ್ಗದರ್ಶಿಲಿ ಒಂದೇ ಕಟ್ಟುನಿಟ್ಟಿನ ನಿಯಮ ಇದೆ. ಮಗು ಬಾಯಿಬಿಟ್ಟು ಊಹೆ ಹೇಳೋ ತನಕ ರನ್ ಬಟನ್ ಒತ್ತೋ ಹಾಗಿಲ್ಲ. ಊಹೆ ತಪ್ಪಾದ್ರೆ ಇನ್ನೂ ಒಳ್ಳೇದು.

## ಏನೇನು ರೆಡಿ ಇರ್ಬೇಕು

ಚೌಕಳಿ ಪುಸ್ತಕ, ಬಣ್ಣದ ಪೆನ್ಸಿಲ್, ಒಂದು ಡಬ್ಬಿ ತುಂಬ ಚೀಟಿ, ಒಂದು ಗಂಟೆ ಅಥವಾ ಸೀಟಿ. ಕಂಪ್ಯೂಟರ್ ಇಬ್ಬರಿಗೆ ಒಂದು ಸಾಕು, ನಿಜ ಹೇಳ್ಬೇಕಂದ್ರೆ ಒಬ್ಬರಿಗೊಂದಕ್ಕಿಂತ ಇಬ್ಬರಿಗೊಂದೇ ಚೆನ್ನಾಗಿ ಕೆಲಸ ಮಾಡತ್ತೆ, ಯಾಕಂದ್ರೆ ಪಕ್ಕದೋರ ಜೊತೆ ಜಗಳ ಆಡೋಕಾದ್ರೂ ಊಹೆನ ಬಾಯಲ್ಲಿ ಹೇಳ್ಲೇಬೇಕಾಗತ್ತೆ. ಲ್ಯಾಪ್‌ಟಾಪ್ ಆದ್ರೆ ದಯವಿಟ್ಟು ಮೌಸ್ ಕೊಡಿ. ಟಚ್‌ಪ್ಯಾಡಲ್ಲಿ ಬ್ಲಾಕ್ ಎಳೆಯೋದು ಆ ಪುಟ್ಟ ಬೆರಳುಗಳಿಗೆ ಹಿಂಸೆ, ಅರ್ಧ ಪೀರಿಯಡ್ ಅದರಲ್ಲೇ ಮುಗಿಯತ್ತೆ.

ಸಾಫ್ಟ್‌ವೇರ್ ಮೂರು ಸಾಕು: ಚಿತ್ರಕ್ಕೆ ಟಕ್ಸ್ ಪೇಂಟ್, ರೆಡಿಮೇಡ್ ಸಿಮ್ಯುಲೇಶನ್‌ಗೆ ಕೊಲೊರಾಡೊ ಬೌಲ್ಡರ್ ಯೂನಿವರ್ಸಿಟಿಯವರ ಫೆಟ್, ಬ್ಲಾಕ್ (ಆದೇಶದ ತುಂಡು) ಜೋಡಿಸಿ ಸ್ವಂತ ಕಟ್ಟೋಕೆ ಸ್ಕ್ರ್ಯಾಚ್. ಮೂರೂ ಉಚಿತ. ಸ್ಕ್ರ್ಯಾಚ್ 8 ವರ್ಷದ ಮೇಲಿನೋರಿಗೆ ಅಂತ ಮಾಡಿರೋದು. 5ರಿಂದ 7 ವರ್ಷದೋರಿಗೆ ಸ್ಕ್ರ್ಯಾಚ್‌ಜೂನಿಯರ್ ಅಂತ ಬೇರೆನೇ ಇದೆ, ಅದರಲ್ಲಿ ಓದೋಕೆ ಬರಬೇಕು ಅಂತಿಲ್ಲ. ಕೆಳಗಿನ ಮೊದಲ ಮೂರು ಹಂತ ಯಾವ ವಯಸ್ಸಿಗಾದ್ರೂ ನಡೆಯತ್ತೆ. 5ನೇ ಹಂತದಿಂದ ಮುಂದೆ 8 ದಾಟಿದೋರಿಗೆ ಮಾತ್ರ.

## ಹಂತ 1: ಮಕ್ಕಳೇ ಸಿಮ್ಯುಲೇಶನ್ ಆಗ್ಲಿ

30 ಮಕ್ಕಳಿದ್ರೆ ಎಲ್ರಿಗೂ 1ರಿಂದ 30ರ ತನಕ ನಂಬರ್ ಕೊಡಿ, ಅದೇ ನಂಬರಿನ ಚೀಟಿಗಳನ್ನ ಡಬ್ಬಿಗೆ ಹಾಕಿ. ಒಂದು ಮಗುವಿನ ಕಿವೀಲಿ ಒಂದು ಸುದ್ದಿ ಹೇಳಿ, ಅದು ಎದ್ದು ನಿಲ್ಲತ್ತೆ. ಗಂಟೆ ಹೊಡೆದಾಗೆಲ್ಲ ನಿಂತಿರೋ ಪ್ರತಿಯೊಬ್ರೂ ಒಂದು ಚೀಟಿ ಎತ್ತಿ, ಆ ನಂಬರಿನೋರಿಗೆ ಸುದ್ದಿ ಹೇಳಿ, ಚೀಟಿನ ವಾಪಸ್ ಡಬ್ಬಿಗೆ ಹಾಕ್ಬೇಕು. ಕೇಳಿಸ್ಕೊಂಡೋರು ಎದ್ದು ನಿಲ್ತಾರೆ.

ಶುರು ಮಾಡೋಕೆ ಮುಂಚೆ ಕೇಳಿ: ಎಲ್ರೂ ಎದ್ದು ನಿಲ್ಲೋಕೆ ಎಷ್ಟು ಸಲ ಗಂಟೆ ಹೊಡಿಬೇಕು? ಪ್ರತಿಯೊಬ್ರ ಉತ್ತರಾನೂ ಬೋರ್ಡ್ ಮೇಲೆ ಬರೀರಿ. "30" ಅನ್ನೋರು ಜಾಸ್ತಿ ಇರ್ತಾರೆ. ಒಬ್ಬ ಜಾಣ 1, 2, 4, 8, 16 ಅಂತ ಬೆರಳು ಮಡಚಿ "5" ಅಂತಾನೆ. ಆಡಿ ನೋಡಿದ್ರೆ ಇಬ್ಬರದ್ದೂ ತಪ್ಪು, ಸಾಮಾನ್ಯವಾಗಿ 8-9 ಸಲ ಹೊಡಿಬೇಕಾಗತ್ತೆ. ಯಾಕಂದ್ರೆ ಕೊನೆಕೊನೆಗೆ ಎಲ್ರೂ ಈಗಾಗ್ಲೇ ನಿಂತಿರೋರಿಗೇ ಹೋಗಿ ಸುದ್ದಿ ಹೇಳ್ತಿರ್ತಾರೆ, ಮೂಲೇಲಿ ಒಬ್ಬನೇ ಒಬ್ಬ ಪಾಪ ಕೂತೇ ಇರ್ತಾನೆ. ಆ ಕೂತಿರೋನ ಮುಖ ನೋಡಿದ ಮಕ್ಕಳು ಆ ಪಾಠ ಮರೆಯಲ್ಲ.

ಪ್ರತಿ ಸಲ ಗಂಟೆ ಹೊಡೆದ ಮೇಲೆ ಎಷ್ಟು ಜನ ನಿಂತಿದ್ರು ಅಂತ ಪುಸ್ತಕದಲ್ಲಿ ಕಂಬ ಬಿಡಿಸಿ, ಒಂದು ಚೌಕ ಅಂದ್ರೆ ಒಬ್ರು. ಆಮೇಲೆ ಇನ್ನೊಂದು ಸಲ ಆಡಿಸಿ. ಸಂಖ್ಯೆ ಬದಲಾಗತ್ತೆ, "ಮಿಸ್ ಹೋದ್ಸಲ ತಪ್ಪಾಗಿತ್ತಾ?" ಅಂತ ಖಂಡಿತ ಯಾರಾದ್ರೂ ಕೇಳ್ತಾರೆ. ತಪ್ಪಲ್ಲ, ಚೀಟಿ ಎತ್ತೋ ಆಟ ಪ್ರತಿ ಸಲ ಒಂದೇ ಥರ ಬರಲ್ಲ ಅಂತ ಇಲ್ಲೇ ಗಟ್ಟಿ ಮಾಡ್ಕೊಳಿ, 7ನೇ ಹಂತದಲ್ಲಿ ಬೇಕೇಬೇಕು.

ಇಲ್ಲಿ ಆಗೋ ತಪ್ಪು ಅಂದ್ರೆ ಚೀಟಿ ಬೇಡ, ಸುಮ್ನೆ ಪಕ್ಕದೋರಿಗೆ ಹೇಳಿ ಅಂತ ಸುಲಭ ಮಾಡೋದು. ಹಾಗ್ ಮಾಡಿದ್ರೆ ಮಕ್ಕಳು ತಮ್ಮ ದೋಸ್ತಿಗಳ ಹತ್ರನೇ ಓಡ್ತಾರೆ, ಗಲಾಟೆ ಬೇರೆ.

## ಹಂತ 2: ಚಿತ್ರ ಅಂದ್ರೆ ಚೌಕಗಳು

ಚೌಕಳಿ ಪುಸ್ತಕದಲ್ಲಿ 8ಕ್ಕೆ 8ರ ಮನೆ ಹಾಕ್ಸಿ, ಒಟ್ಟು 64 ಚೌಕ. ಒಂದು ಮಗು ಗುಟ್ಟಾಗಿ ಚೌಕ ತುಂಬಿ ಚಿತ್ರ ಮಾಡತ್ತೆ, ಮನೆ, ಮುಖ, ಹೃದಯ, ಏನಾದ್ರೂ ಸರಿ. ಅರ್ಧಂಬರ್ಧ ಚೌಕ ತುಂಬೋ ಹಾಗಿಲ್ಲ. ಆಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತ್ಕೊಂಡು ಜೊತೆಯೋರಿಗೆ ಸಾಲು ಸಾಲಾಗಿ ಹೇಳ್ಬೇಕು: "2 ಖಾಲಿ, 4 ತುಂಬಿದ್ದು, 2 ಖಾಲಿ". ಕೇಳಿಸ್ಕೊಂಡೋರು ಬಿಡಿಸ್ತಾರೆ, ಕೊನೇಲಿ ಎರಡೂ ಪಕ್ಕಪಕ್ಕ ಇಟ್ಟು ನೋಡೋದು.

ಮೊದಲ ಸಲ ಅರ್ಧ ಕ್ಲಾಸ್ ಚಿತ್ರಗಳು ಕೆಟ್ಟಿರ್ತಾವೆ. ಒಂದ್ಸಲ ಒಬ್ಬಳು ಹೃದಯ ಹೇಳಿದ್ಲು, ಜೊತೆಯೋನು ಕೆಳಗಿನ ಸಾಲಿಂದ ಶುರು ಮಾಡ್ಬಿಟ್ಟ, ಹೃದಯ ಶೀರ್ಷಾಸನ ಹಾಕಿತ್ತು. "ನೀನು ಮೇಲಿಂದ ಅಂತ ಹೇಳ್ಲೇ ಇಲ್ಲ" ಅಂತ ಅವನು, "ಅಷ್ಟೂ ಗೊತ್ತಾಗಲ್ವಾ" ಅಂತ ಇವಳು. ಕಂಪ್ಯೂಟರ್‌ಗೂ ಅಷ್ಟು ಗೊತ್ತಾಗಲ್ಲ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಗಳಿಗೆ ಸಿಗಲ್ಲ.

ತಪ್ಪು ಹಿಡಿಯೋಕೆ ಒಂದು ಉಪಾಯ ಹೇಳ್ಕೊಡಿ. ಪ್ರತಿ ಸಾಲಿನ ಸಂಖ್ಯೆಗಳನ್ನ ಕೂಡಿದ್ರೆ 8 ಬರ್ಲೇಬೇಕು, 7 ಬಂದ್ರೆ ಒಂದು ಚೌಕ ಎಲ್ಲೋ ಕಳೆದೋಗಿದೆ.

ನಂತರ ಅದೇ ಚಿತ್ರನ 16ಕ್ಕೆ 16ರಲ್ಲಿ ಮಾಡ್ಸಿ, 256 ಚೌಕ. ಅಂಚು ನುಣುಪಾಗತ್ತೆ, ಆದ್ರೆ ಹೇಳೋ ಮಾತು ಜಾಸ್ತಿ ಆಗತ್ತೆ. ದೊಡ್ಡ ಫೋಟೋ ಯಾಕೆ ಫೋನಲ್ಲಿ ಜಾಗ ತಿನ್ನತ್ತೆ ಅಂತ ನೀವು ಹೇಳ್ಬೇಕಾಗಲ್ಲ, ಅವರೇ ಹೇಳ್ತಾರೆ.

## ಹಂತ 3: ಬಣ್ಣ

ಇದು ಚಿಕ್ಕ ಹಂತ, ಅರ್ಧ ಪೀರಿಯಡ್ ಸಾಕು. ಹಳೇ ಫೋನಿನ ಸ್ಕ್ರೀನಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿ, ಬೆರಳ ತುದಿಯಿಂದ ಸಾಸಿವೆ ಕಾಳಿನಷ್ಟು ನೀರಿನ ಹನಿ ಇಡಿ. ಹನಿ ಭೂತಗನ್ನಡಿ ಥರ ಕೆಲಸ ಮಾಡತ್ತೆ, ಬಿಳಿ ಬಣ್ಣದೊಳಗೆ ಕೆಂಪು, ಹಸಿರು, ನೀಲಿ ಚುಕ್ಕೆ ಕಾಣತ್ತೆ. ಇದನ್ನ ನೀವೇ ಮಾಡಿ, ಮಕ್ಕಳ ಕೈಗೆ ನೀರು ಕೊಟ್ರೆ ಫೋನಿನ ಕಥೆ ಮುಗೀತು.

ಆಮೇಲೆ ಕೆಂಪು ಹಸಿರು ಸೇರಿದ್ರೆ ಏನಾಗತ್ತೆ ಅಂತ ಊಹೆ ಕೇಳಿ. ಪೇಂಟ್ ಕಲಸಿದ ಅನುಭವದಲ್ಲಿ ಎಲ್ರೂ ಕಂದು, ಮಣ್ಣಿನ ಬಣ್ಣ ಅಂತಾರೆ. ಯಾವ್ದಾದ್ರೂ ಡ್ರಾಯಿಂಗ್ ಪ್ರೋಗ್ರಾಂನ ಬಣ್ಣದ ಕಿಟಕಿ ತೆರೆದು ಕೆಂಪು 255, ಹಸಿರು 255, ನೀಲಿ 0 ಹಾಕಿ ತೋರ್ಸಿ, ಹಳದಿ! ಬೆಳಕು ಕಲಸೋದೇ ಬೇರೆ, ಬಣ್ಣ ಕಲಸೋದೇ ಬೇರೆ. ಪ್ರತಿ ಬಣ್ಣಕ್ಕೂ 0ರಿಂದ 255ರ ತನಕ 256 ಮೆಟ್ಟಿಲು, ಮೂರನ್ನೂ ಸೇರಿಸಿದ್ರೆ 1,67,77,216 ಬಣ್ಣ. ಗುಣಾಕಾರ ಇಷ್ಟ ಇರೋ ಮಗುಗೆ ಈ ಲೆಕ್ಕ ಬಿಟ್ಟುಬಿಡಿ. ಸ್ಕ್ರ್ಯಾಚ್ ಒಳಗಿನ ಬಣ್ಣದ ಕಿಟಕಿಲಿ ಈ ಮೂರು ಸಂಖ್ಯೆ ಇರಲ್ಲ, ಬಣ್ಣ, ಗಾಢತೆ, ಹೊಳಪು ಅಂತ 0ರಿಂದ 100ರ ಸ್ಲೈಡರ್ ಇರತ್ತೆ, ಅಲ್ಲಿ ಹುಡುಕಿ ಗೊಂದಲ ಆಗ್ಬೇಡಿ.

## ಹಂತ 4: ರೆಡಿಮೇಡ್ ಸಿಮ್ಯುಲೇಶನ್, ಆದ್ರೆ ಕೈ ಕಟ್ಕೊಂಡು

ಈಗ ಫೆಟ್‌ನ ಬ್ಯಾಲೆನ್ಸಿಂಗ್ ಆಕ್ಟ್ ತೆಗೀರಿ. ಒಂದು ಏರೋ ಇಳಿಯೋ ಹಲಗೆ, ಎರಡೂ ಕಡೆ ತೂಕ ಇಡಬಹುದು. ನಾನು ಇದನ್ನೇ ಆರಿಸ್ಕೊಳ್ಳೋಕೆ ಕಾರಣ ಇದೆ, ಹಲಗೆ ಕೆಳಗೆ ಆಸರೆ ಕಂಬಗಳಿವೆ, ಅದನ್ನ ತೆಗೆಯೋ ತನಕ ಹಲಗೆ ಅಲ್ಲಾಡಲ್ಲ. ಅಂದ್ರೆ ಊಹೆ ಹೇಳೋಕೆ ಜಾಗ ತಾನಾಗೇ ಸಿಗತ್ತೆ.

ಎಡಗಡೆ ನಡುವಿಂದ 3ನೇ ಗುರುತಿಗೆ 10 ಕೆಜಿ, ಬಲಗಡೆ 6ನೇ ಗುರುತಿಗೆ 5 ಕೆಜಿ ಇಡಿ. ಎಡಕ್ಕೆ ವಾಲತ್ತೆ ಅನ್ನೋರು ಎಡಗೈ, ಬಲಕ್ಕೆ ಅನ್ನೋರು ಬಲಗೈ, ನೆಟ್ಟಗಿರತ್ತೆ ಅನ್ನೋರು ಎರಡೂ ಕೈ ಎತ್ಲಿ. ಯಾಕೆ ಅಂತ ಮೂರು ಜನ ಹೇಳ್ಲಿ. ಆಮೇಲೆ ಕಂಬ ತೆಗೀರಿ. ನೆಟ್ಟಗೆ ನಿಲ್ಲತ್ತೆ. ಈಗ 5 ಕೆಜಿನ 5ನೇ ಗುರುತಿಗೆ ತಂದ್ರೆ? ಮತ್ತೆ ಕೈ.

ಒಂದೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ರೂ ಈ ಹಂತ ಆರಾಮಾಗಿ ನಡೆಯತ್ತೆ.

ಎಚ್ಚರಿಕೆಯ ಗುರುತು: ಮೌಸ್ ಹಿಡಿದ ಮಗು ಒಂದು ನಿಮಿಷದಲ್ಲಿ ಐದಾರು ಸಲ ತೂಕ ಬದಲಾಯಿಸ್ತಿದ್ರೆ ಅದು ಪ್ರಯೋಗ ಮಾಡ್ತಿಲ್ಲ, ಆಟ ಆಡ್ತಿದೆ. ಬೈಬೇಡಿ, ಮೌಸ್ ತಗೊಂಡು ಪೆನ್ಸಿಲ್ ಕೊಡಿ, ಮೌಸು ಪಕ್ಕದ ಮಗುಗೆ. 7 ನಿಮಿಷಕ್ಕೊಂದ್ಸಲ ಮೌಸ್ ಕೈ ಬದಲಾಗೋ ನಿಯಮ ಇಟ್ರೆ ಇನ್ನೂ ಒಳ್ಳೇದು.

## ಹಂತ 5: ಸ್ಕ್ರ್ಯಾಚಲ್ಲಿ ಒಂದೇ ಒಂದು ಚುಕ್ಕೆ

ಸ್ಕ್ರ್ಯಾಚ್ ತೆರೆದ ಕೂಡ್ಲೇ ಕಾಣೋ ಬೆಕ್ಕನ್ನ ಅಳಿಸಿ. ಅದು ಇದ್ರೆ ಎಲ್ರೂ ಅದಕ್ಕೆ ಮಿಯಾವ್ ಅನ್ಸೋದ್ರಲ್ಲೇ ಇರ್ತಾರೆ. ಹೊಸ ಸ್ಪ್ರೈಟ್ (ಸ್ಕ್ರೀನ್ ಮೇಲೆ ಓಡಾಡೋ ಪಾತ್ರ) ಪೇಂಟ್ ಮಾಡಿ, ಚಿಕ್ಕ ಕೆಂಪು ಉರುಟು ಚುಕ್ಕೆ, ಅಂಚಿನ ಗೆರೆ ಇಲ್ದೆ. ಪೇಂಟ್ ಕಿಟಕಿಯ ಮಧ್ಯದಲ್ಲಿ ಒಂದು ಸಣ್ಣ ಗುರುತಿದೆ, ಚುಕ್ಕೆ ಸರಿಯಾಗಿ ಅದರ ಮೇಲೇ ಇರ್ಬೇಕು. ಪಕ್ಕಕ್ಕೆ ಬಿಡಿಸಿದ್ರೆ ತಿರುಗುವಾಗ ಚುಕ್ಕೆ ಹಗ್ಗಕ್ಕೆ ಕಟ್ಟಿದ ಕರು ಥರ ಸುತ್ತು ಹೊಡೆಯತ್ತೆ, ಮಕ್ಕಳು ಕೋಡ್ ತಪ್ಪು ಅಂದ್ಕೊಂಡು ಬ್ಲಾಕ್ ಬದಲಾಯಿಸ್ತಾ ಕೂರ್ತಾರೆ.

ಅದೇ ಕಿಟಕಿಲಿ ಕೆಳಗೆ ಬಿಟ್‌ಮ್ಯಾಪ್ (ಚೌಕಗಳ ಚಿತ್ರ), ವೆಕ್ಟರ್ (ಗೆರೆ, ಆಕಾರಗಳ ಚಿತ್ರ) ಅಂತ ಬದಲಾಯಿಸೋ ಬಟನ್ ಇದೆ. ಎರಡರಲ್ಲೂ ಒಂದೊಂದು ಚುಕ್ಕೆ ಬಿಡಿಸಿ ಸೈಜ್ 400 ಮಾಡ್ಸಿ ನೋಡ್ಸಿ, ಒಂದರ ಅಂಚು ಮೆಟ್ಟಿಲಾಗತ್ತೆ, ಇನ್ನೊಂದು ನುಣುಪಾಗೇ ಇರತ್ತೆ. 2ನೇ ಹಂತದ ಚೌಕಗಳು ನೆನಪಿರೋರಿಗೆ ಇದು ತಕ್ಷಣ ಹೊಳೆಯತ್ತೆ. ನಮ್ಮ ಕೆಲಸಕ್ಕೆ ವೆಕ್ಟರ್ ಇರ್ಲಿ.

ಈಗ ಬ್ಲಾಕ್: ಹಸಿರು ಬಾವುಟ (ಸ್ಕ್ರ್ಯಾಚಲ್ಲಿ ಇದೇ ರನ್ ಬಟನ್) ಒತ್ತಿದಾಗ, ದಿಕ್ಕು 1ರಿಂದ 360ರೊಳಗೆ ಪಿಕ್ ರ್ಯಾಂಡಮ್ (ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಸಂಖ್ಯೆ), ಆಮೇಲೆ ಫಾರೆವರ್ (ನಿಲ್ಲಿಸೋ ತನಕ ಮತ್ತೆ ಮತ್ತೆ ಮಾಡು) ಒಳಗೆ 5 ಹೆಜ್ಜೆ ಮೂವ್, ಇಫ್ ಆನ್ ಎಡ್ಜ್ ಬೌನ್ಸ್ (ಅಂಚಿಗೆ ಬಂದ್ರೆ ಪುಟಿದು ವಾಪಸ್). ಅಷ್ಟೇ. ಸ್ಕ್ರ್ಯಾಚಲ್ಲಿ 0 ಅಂದ್ರೆ ಮೇಲಕ್ಕೆ, 90 ಅಂದ್ರೆ ಬಲಕ್ಕೆ. ಸ್ಟೇಜ್ (ಚುಕ್ಕೆ ಓಡಾಡೋ ಜಾಗ) ಅಗಲ 480, ಎತ್ತರ 360, ಆದ್ರೆ ಸೊನ್ನೆ ಇರೋದು ನಟ್ಟನಡುವೆ, ಅದಕ್ಕೇ ಎಡಕ್ಕೆ ಕೆಳಕ್ಕೆ ಹೋದ್ರೆ ಮೈನಸ್ ಸಂಖ್ಯೆ ಬರತ್ತೆ. ಮೈನಸ್ ಇನ್ನೂ ಕಲೀದಿರೋ ಮಕ್ಕಳಿಗೆ ಜಾಗದ ಸಂಖ್ಯೆ ಬರೆಸೋಕೆ ಹೋಗ್ಬೇಡಿ, "ರ್ಯಾಂಡಮ್ ಪೊಸಿಷನ್" ಬ್ಲಾಕಲ್ಲೇ ಕೆಲಸ ಮುಗಿಸಿ.

5ರ ಬದಲು 20 ಹಾಕಿದ್ರೆ? 0 ಹಾಕಿದ್ರೆ? ಪುಸ್ತಕದಲ್ಲಿ ಊಹೆ ಬರೆದ ಮೇಲೆ ಬಾವುಟ.

## ಹಂತ 6: ಒಂದರಿಂದ ಮೂವತ್ತು

ಎಲ್ರೂ ಸೋಲೋದು ಇಲ್ಲಿ, ನಿಧಾನಕ್ಕೆ ಓದಿ.

ಕೆಂಪು ಚುಕ್ಕೆ ಸುದ್ದಿ ಗೊತ್ತಿರೋ ಮೊದಲನೇ ಮಗು, ಅದು ಹಾಗೇ ಇರ್ಲಿ. ಇನ್ನೊಂದು ಸ್ಪ್ರೈಟ್ ಮಾಡಿ, ಅದಕ್ಕೆ ಎರಡು ಕಾಸ್ಟ್ಯೂಮ್ (ವೇಷ): 1 ನೀಲಿ, 2 ಕೆಂಪು. ಎಷ್ಟು ಚುಕ್ಕೆಗೆ ಸುದ್ದಿ ಮುಟ್ತು ಅಂತ ಎಣಿಸೋಕೆ ಎಲ್ಲ ಸ್ಪ್ರೈಟ್‌ಗೂ ಸೇರೋ ಒಂದು ವೇರಿಯಬಲ್ (ಸಂಖ್ಯೆ ಇಟ್ಕೊಳೋ ಡಬ್ಬಿ) ಮಾಡಿ, "ಗೊತ್ತು" ಅಂತ ಹೆಸರಿಡಿ.

ಈ ಸ್ಪ್ರೈಟ್‌ಗೆ ಬಾವುಟದ ಕೆಳಗೆ: ಗೊತ್ತು = 0, ಹೈಡ್, 30 ಸಲ ರಿಪೀಟ್ ಒಳಗೆ ಕ್ರಿಯೇಟ್ ಕ್ಲೋನ್ ಆಫ್ ಮೈಸೆಲ್ಫ್ (ಕ್ಲೋನ್ ಅಂದ್ರೆ ಸ್ಪ್ರೈಟಿನ ನಕಲು).

"ವೆನ್ ಐ ಸ್ಟಾರ್ಟ್ ಆಸ್ ಎ ಕ್ಲೋನ್" ಕೆಳಗೆ: ನೀಲಿ ಕಾಸ್ಟ್ಯೂಮ್, ರ್ಯಾಂಡಮ್ ಪೊಸಿಷನ್, ರ್ಯಾಂಡಮ್ ದಿಕ್ಕು, ಶೋ, ಆಮೇಲೆ ಫಾರೆವರ್. ಫಾರೆವರ್ ಒಳಗೆ 5 ಹೆಜ್ಜೆ, ಬೌನ್ಸ್, ಕೊನೇಲಿ ಒಂದು ಇಫ್: ಕಾಸ್ಟ್ಯೂಮ್ ನಂಬರ್ 1 ಆಗಿದ್ದು, ಜೊತೆಗೆ ಟಚಿಂಗ್ ಕಲರ್ ಕೆಂಪು ಆಗಿದ್ರೆ, ಕಾಸ್ಟ್ಯೂಮ್ ಕೆಂಪು ಮಾಡು, ಗೊತ್ತು 1 ಜಾಸ್ತಿ ಮಾಡು.

ಈಗ ಬರೋ ರೋಗಗಳು, ಮದ್ದುಗಳು.

ಸ್ಕ್ರೀನಲ್ಲಿ ಒಂದೇ ಒಂದು ಚುಕ್ಕೆ ಕಾಣ್ತಿದೆ, 30 ಎಲ್ಲೋಯ್ತು? ಮೂಲ ಸ್ಪ್ರೈಟ್ ಹೈಡ್ ಆಗಿದ್ರೆ ಅದರ ಕ್ಲೋನ್‌ಗಳೂ ಅಡಗೇ ಹುಟ್ತಾವೆ. ಕ್ಲೋನ್ ಕೆಳಗೆ ಶೋ ಬಿಟ್ಟಿರ್ತೀರ, ನೋಡಿ. ಹತ್ತರಲ್ಲಿ ಎಂಟು ಜೋಡಿ ಇದನ್ನ ಮರೀತಾರೆ ಅಂದ್ರೂ ತಪ್ಪಿಲ್ಲ.

ಮುಟ್ಟಿದ್ರೂ ಕೆಂಪಾಗ್ತಿಲ್ಲ. ಟಚಿಂಗ್ ಕಲರ್ ಬ್ಲಾಕಲ್ಲಿ ಬಣ್ಣನ ಕಣ್ಣಂದಾಜಲ್ಲಿ ಆರಿಸಿರ್ತಾರೆ. ಬಣ್ಣದ ಚೌಕ ಒತ್ತಿ, ಕೆಳಗಿರೋ ಡ್ರಾಪರ್ (ಬಣ್ಣ ಹೀರ್ಕೊಳೋ ಗುರುತು) ತಗೊಂಡು, ಸ್ಟೇಜ್ ಮೇಲಿನ ಕೆಂಪು ಚುಕ್ಕೆ ಮೇಲೇ ಕ್ಲಿಕ್ ಮಾಡ್ಬೇಕು. ಎರಡು ಸ್ಪ್ರೈಟಿನ ಕೆಂಪೂ ಒಂದೇ ಇರ್ಬೇಕು, ಅದಕ್ಕೆ ಒಂದರಿಂದ ಕಾಪಿ ಮಾಡಿ ಇನ್ನೊಂದಕ್ಕೆ ಹಾಕೋದು ವಾಸಿ.

ಶುರುವಾದ ತಕ್ಷಣ ಎಲ್ಲಾ ಕೆಂಪು. ಹಿನ್ನೆಲೆ ಚಿತ್ರದಲ್ಲಿ ಅದೇ ಕೆಂಪಿದೆ. ಹಿನ್ನೆಲೆ ಬಿಳಿ ಬಿಡಿ ಅಂದ್ರೆ ಕೇಳಲ್ಲ, ಸೂರ್ಯಾಸ್ತ ಹಾಕಿರ್ತಾರೆ.

"ಗೊತ್ತು" 30 ದಾಟಿ 400, 500 ಅಂತ ಓಡ್ತಿದೆ. ಕಾಸ್ಟ್ಯೂಮ್ ನಂಬರ್ 1 ಅನ್ನೋ ಷರತ್ತು ಬಿಟ್ಟೋಗಿದೆ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಲೂಪ್ (ಫಾರೆವರ್ ಒಳಗಿನ ಸುತ್ತು) ಸುತ್ತತ್ತೆ, ಎರಡು ಕೆಂಪು ಚುಕ್ಕೆ ಅಂಟ್ಕೊಂಡಿದ್ರೆ ಅಷ್ಟೂ ಸಲ ಎಣಿಸ್ತಾ ಹೋಗತ್ತೆ. ಎರಡನೇ ಸಲ ಓಡಿಸಿದಾಗ ಎಣಿಕೆ ಸೊನ್ನೆಯಿಂದ ಶುರುವಾಗ್ದಿದ್ರೆ ಬಾವುಟದ ಕೆಳಗೆ "ಗೊತ್ತು = 0" ಇಲ್ಲ ಅಂತ.

ಹಳೇ ಕಂಪ್ಯೂಟರ್ ತೆವಳ್ತಿದ್ರೆ 30ನ್ನ 15 ಮಾಡಿ. ಬಣ್ಣ ಮುಟ್ಟಿದೆಯಾ ಅಂತ ನೋಡೋದು ಕಂಪ್ಯೂಟರ್‌ಗೆ ಭಾರದ ಕೆಲಸ. ಇನ್ನೂ ಒಂದು ಮಾತು, ಯಾವ ಮಗು ಸಿಕ್ಕಾಕೊಂಡ್ರೂ ನೀವು ಮೌಸ್ ಮುಟ್ಟಬೇಡಿ, ಬ್ಲಾಕ್‌ಗಳನ್ನ ಮೇಲಿಂದ ಕೆಳಕ್ಕೆ ಜೋರಾಗಿ ಓದು ಅನ್ನಿ. ಅರ್ಧಕ್ಕರ್ಧ ತಪ್ಪು ಓದುವಾಗ್ಲೇ ಸಿಗತ್ತೆ.

ಪೀರಿಯಡ್ ಮುಗಿಯೋಕೆ ಐದು ನಿಮಿಷ ಮುಂಚೆ ಸೇವ್. ಕಂಪ್ಯೂಟರ್‌ಗೆ ಹಾಕ್ಕೊಂಡ ಸ್ಕ್ರ್ಯಾಚ್ ತಾನಾಗೇ ಸೇವ್ ಮಾಡಲ್ಲ, ನಾನು ಒಂದ್ಸಲ ನಂಬಿ ಇಡೀ ಕ್ಲಾಸಿನ ಕೆಲಸ ಕಳ್ಕೊಂಡಿದೀನಿ, ಮಕ್ಕಳ ಮುಖ ನೋಡೋಕಾಗ್ಲಿಲ್ಲ.

## ಹಂತ 7: ಸಂಖ್ಯೆ ಬರೆಯೋ ಪುಸ್ತಕ

ಇದಿಲ್ದಿದ್ರೆ ಮಾಡಿದ್ದು ಬರೀ ಅನಿಮೇಷನ್. ಎರಡು ವೇರಿಯಬಲ್ ಸೇರಿಸಿ, "ಎಷ್ಟು" ಮತ್ತೆ "ಸಮಯ". ಬಾವುಟದ ಕೆಳಗೆ ಮೊದಲೇ ಎಷ್ಟು = 30 ಅಂತ ಹಾಕಿ, ರಿಪೀಟಲ್ಲಿ 30 ತೆಗೆದು "ಎಷ್ಟು" ಇಡಿ. ರಿಪೀಟ್ ಮುಗಿದ ಮೇಲೆ ರೀಸೆಟ್ ಟೈಮರ್, ವೇಯ್ಟ್ ಅಂಟಿಲ್ ಗೊತ್ತು = ಎಷ್ಟು, ಆಮೇಲೆ ಸಮಯ = ಟೈಮರ್. ಸಮಯ ತೋರ್ಸೋಕೆ ಸೇ ಬ್ಲಾಕ್ ಹಾಕಿದ್ರೆ ಕಾಣಲ್ಲ, ಅಡಗಿರೋ ಸ್ಪ್ರೈಟ್ ಮಾತಾಡಿದ್ರೆ ಗುಳ್ಳೆ ಬರಲ್ಲ. "ಎಷ್ಟು" ಯಾಕೆ ಬೇಕು ಅಂದ್ರೆ, ರಿಪೀಟಲ್ಲಿ 10 ಮಾಡಿ ವೇಯ್ಟಲ್ಲಿ 30 ಹಾಗೇ ಬಿಟ್ಟು, ಮುಗಿಯದೇ ಇರೋ ಸಿಮ್ಯುಲೇಶನ್ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತ ಮಕ್ಕಳನ್ನ ತುಂಬ ನೋಡಿದೀನಿ.

ಪುಸ್ತಕದಲ್ಲಿ ನಾಲ್ಕು ಕಂಬ: ಎಷ್ಟು ಚುಕ್ಕೆ, ನನ್ನ ಊಹೆ, ಬಂದ ಸಮಯ, ಏನನ್ನಿಸ್ತು. 10, 20, 30 ಚುಕ್ಕೆಗೆ ಮೂರು ಮೂರು ಸಲ ಓಡಿಸ್ಬೇಕು. ಜಾಸ್ತಿ ಚುಕ್ಕೆ ಇದ್ರೆ ಜಾಸ್ತಿ ಹೊತ್ತು ಅಂತ ಬಹುತೇಕ ಎಲ್ರೂ ಬರೀತಾರೆ. ಆಗೋದು ಉಲ್ಟಾ, ಅದೇ ಜಾಗದಲ್ಲಿ ಜನ ಜಾಸ್ತಿ ಆದಷ್ಟೂ ಬೇಗ ಬೇಗ ಮುಟ್ಕೋತಾರೆ.

ಮೂರು ಸಲ ಯಾಕೆ ಅಂತ ಕೇಳಿದ್ರೆ ಚೀಟಿ ಆಟ ನೆನಪಿಸಿ. ಒಂದೊಂದ್ಸಲ 20 ಚುಕ್ಕೆದು 30ಕ್ಕಿಂತ ಬೇಗ ಮುಗಿಯೋದೂ ಉಂಟು, ಒಂದೇ ಸಲ ಓಡಿಸಿದೋನು ತಪ್ಪು ತೀರ್ಮಾನಕ್ಕೆ ಬಂದ್ಬಿಡ್ತಾನೆ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಾಯಿಸ್ಬೇಕು. ವೇಗ, ಚುಕ್ಕೆ ಎರಡನ್ನೂ ಒಟ್ಟಿಗೆ ಬದಲಾಯಿಸಿದ ಜೋಡಿ ಸಿಕ್ಕಿದ್ರೆ "ಯಾವುದರಿಂದ ಹೀಗಾಯ್ತು?" ಅಂತ ಕೇಳಿ ಸುಮ್ನೆ ನಿಂತ್ಕೊಳಿ.

ಎಚ್ಚರಿಕೆಯ ಗುರುತು: ಊಹೆ ಕಂಬ, ಸಮಯದ ಕಂಬ ಎರಡೂ ಹೆಚ್ಚುಕಮ್ಮಿ ಒಂದೇ ಇದ್ರೆ ಊಹೆನ ಆಮೇಲೆ ತುಂಬಿದಾರೆ. ತಪ್ಪು ಊಹೆಗೆ ಕೆಂಪಿಂಕಲ್ಲಿ ಗೀಟು ಹಾಕೋ ಅಭ್ಯಾಸ ಇದ್ರೆ ಇದು ಆಗೇ ಆಗತ್ತೆ.

## ಹಂತ 8: ಈ ಸಿಮ್ಯುಲೇಶನ್ ಎಲ್ಲೆಲ್ಲಿ ಸುಳ್ಳು ಹೇಳತ್ತೆ?

ಕೊನೇ ಪೀರಿಯಡ್‌ಗೆ ಈ ಪ್ರಶ್ನೆ ಬರೆದು ಸುಮ್ಮನಾಗಿ. ಚುಕ್ಕೆಗಳು ಸುಸ್ತಾಗಲ್ಲ, ಮರೆಯಲ್ಲ, ಗೋಡೆಗೆ ಹೊಡ್ಕೊಂಡ್ರೂ ನೋವಾಗಲ್ಲ, ಎಲ್ಲದರದ್ದೂ ಒಂದೇ ವೇಗ. ಬೋರ್ಡ್ ತುಂಬತ್ತೆ. ನಮ್ಮ ಕ್ಲಾಸಲ್ಲಿ ಯಾವಾಗ್ಲೂ ಹಿಂದಿನ ಬೆಂಚಲ್ಲಿ ಕೂರೋ ಒಬ್ಬಳು ಮೆಲ್ಲಗೆ ಕೇಳಿದ್ಲು, "ಮಿಸ್, ಸುದ್ದಿ ಗೊತ್ತಿದ್ರೂ ಯಾರಿಗೂ ಹೇಳೋಕೆ ಇಷ್ಟ ಇಲ್ದಿರೋ ಚುಕ್ಕೆ ಇದ್ರೆ?"

ಅದನ್ನೇ ಹೊಸ ನಿಯಮ ಮಾಡಿದ್ವಿ. ಮೊದಲ ಪ್ರಯತ್ನದಲ್ಲಿ ಇಫ್ ಒಳಗೆ "ಪಿಕ್ ರ್ಯಾಂಡಮ್ 1ರಿಂದ 2 = 1 ಆದ್ರೆ ಮಾತ್ರ ಕೆಂಪಾಗು" ಅಂತ ಸೇರಿಸಿದ್ರು, ಓಡಿಸಿದ್ರೆ ಏನೂ ವ್ಯತ್ಯಾಸ ಇಲ್ಲ. ನಂಗೂ ಒಂದು ಕ್ಷಣ ಹೊಳೀಲಿಲ್ಲ. ಎರಡು ಚುಕ್ಕೆ ಒಂದನ್ನೊಂದು ದಾಟಿ ಹೋಗೋಕೆ ಹಲವಾರು ಲೂಪ್ ಬೇಕು, ಪ್ರತಿ ಲೂಪಲ್ಲೂ ಮತ್ತೆ ಚೀಟಿ ಎತ್ತಿದ ಹಾಗಾಗತ್ತೆ, ಒಂದಲ್ಲ ಒಂದ್ಸಲ 1 ಬಂದೇ ಬರತ್ತೆ.

ಸರಿಪಡಿಸಿದ್ದು ಹೀಗೆ. 3ನೇ ಕಾಸ್ಟ್ಯೂಮ್ ಹಳದಿ. ಕೆಂಪು ಮುಟ್ಟಿದಾಗ ಒಂದೇ ಸಲ ಚೀಟಿ ಎತ್ತೋದು, 1 ಬಂದ್ರೆ ಕೆಂಪಾಗು, ಇಲ್ಲಾಂದ್ರೆ ಹಳದಿಯಾಗು, ಎರಡಕ್ಕೂ "ಗೊತ್ತು" 1 ಜಾಸ್ತಿ. ಹಳದಿಗೆ ಸುದ್ದಿ ಗೊತ್ತು, ಆದ್ರೆ ಬಾಕಿ ನೀಲಿಗಳು ಕೆಂಪನ್ನ ಮಾತ್ರ ನೋಡೋದ್ರಿಂದ ಅದರಿಂದ ಯಾರಿಗೂ ಹಬ್ಬಲ್ಲ. ಓಡಿಸಿದಾಗ ಸಮಯ ಚೆನ್ನಾಗಿ ಜಾಸ್ತಿ ಆಯ್ತು, ಕೊನೇಲಿ ಒಂದೇ ಒಂದು ನೀಲಿ ಚುಕ್ಕೆ ಹಳದಿಗಳ ನಡುವೆ ತೂರ್ಕೊಂಡು ಓಡಾಡ್ತಾನೇ ಇತ್ತು, ಇಡೀ ಕ್ಲಾಸ್ ಎದ್ದು ನಿಂತು ನೋಡ್ತಿತ್ತು. ಬೆಲ್ ಹೊಡೀತು, ಯಾರೂ ಹೊರಗೆ ಹೋಗ್ಲಿಲ್ಲ. 1ರಿಂದ 2 ಅನ್ನೋದನ್ನ 1ರಿಂದ 4 ಮಾಡಿದ್ರೆ ಏನಾಗತ್ತೆ ಅಂತ ಅವಳು ಆಗ್ಲೇ ಪುಸ್ತಕದಲ್ಲಿ ಊಹೆ ಬರೀತಿದ್ಲು.